ಹಾಡು ಕೇಳಿಸುತ್ತೆ, ಮಾತು ಕೇಳಿಸಲ್ಲ

ಒಂದು ಭಾನುವಾರ ಮಧ್ಯಾಹ್ನ ಮೈಸೂರಿನಿಂದ ಭಾವ ಫೋನ್ ಮಾಡಿದರು. ಹಾಲ್‌ನಲ್ಲಿ ಟಿವಿಗೆ ಕಂಪ್ಯೂಟರ್ ಜೋಡಿಸಿ, ಸಿನಿಮಾ ನೋಡುವುದಕ್ಕೆಂದೇ ಇಟ್ಟುಕೊಂಡವರು ಅವರು. “ವಿಚಿತ್ರ ನೋಡಯ್ಯ, ಹಾಡಿನ ಮ್ಯೂಸಿಕ್ ಬರುತ್ತೆ, ಫೈಟಿನ ಸದ್ದು ಬರುತ್ತೆ, ಮಳೆ ಸುರಿಯೋದೂ ಕೇಳಿಸುತ್ತೆ. ಹೀರೊ ಬಾಯಿ ಮಾತ್ರ ಅಲ್ಲಾಡುತ್ತೆ, ಮಾತೇ ಇಲ್ಲ” ಅಂದರು. ಅಷ್ಟರಲ್ಲಾಗಲೇ ಹೊಸ ಕೇಬಲ್ ತಂದು ಹಾಕಿದ್ದರು. ಪಕ್ಕದ ಬೀದಿಯ ಹುಡುಗನೊಬ್ಬ ಬಂದು, ವಿಂಡೋಸನ್ನೇ ಹೊಸದಾಗಿ ಹಾಕಬೇಕು ಎಂದು ಹೇಳಿ ಹೋಗಿದ್ದ.

ನಾನು ಕೇಳಿದ್ದು ಇಷ್ಟೇ: “ಭಾವ, ಈಗ ಎಷ್ಟು ಸ್ಪೀಕರ್ ಇಟ್ಟಿದ್ದೀರಿ?” ಎರಡು ಅಂದರು. ಮೊದಲು? ಮೊದಲು ಆರು ಡಬ್ಬಿಯ 5.1 ಸೆಟ್ ಇತ್ತಂತೆ. ಅದು ಕೆಟ್ಟಿತೆಂದು ಹಳೆಯ ಸ್ಟೀರಿಯೊ ಆಂಪ್ಲಿಫೈಯರನ್ನೇ ಅಟ್ಟದಿಂದ ಇಳಿಸಿ, ಕಂಪ್ಯೂಟರಿನ ಹಸಿರು ತೂತಿಗೆ ಸಿಕ್ಕಿಸಿದ್ದರು. ಅಲ್ಲಿಗೆ ರೋಗ ಗೊತ್ತಾಯಿತು. 5.1 ಸದ್ದಿನಲ್ಲಿ ಮಾತೆಲ್ಲ ಹೆಚ್ಚಾಗಿ ನಡುವಿನ ಸ್ಪೀಕರಿಗೆ, ಅಂದರೆ ಸೆಂಟರ್ ಚಾನೆಲ್‌ಗೆ ಹೋಗುತ್ತದೆ. ಸ್ಪೀಕರ್ ಬದಲಾದ ಸುದ್ದಿಯನ್ನು ವಿಂಡೋಸ್‌ಗೆ ಯಾರೂ ಹೇಳಿರಲಿಲ್ಲ. ಅದು ನಿಷ್ಠೆಯಿಂದ ಮಾತನ್ನು ಇಲ್ಲದ ಸ್ಪೀಕರಿಗೆ ಕಳಿಸುತ್ತಲೇ ಇತ್ತು. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ಸ್ಪೀಕರ್ ಆರಿಸಿ, ಕಾನ್ಫಿಗರ್ ಒತ್ತಿ, 5.1 ಇದ್ದದ್ದನ್ನು ಸ್ಟೀರಿಯೊ ಮಾಡಿಸಿದೆ. ಎರಡು ನಿಮಿಷದ ಕೆಲಸ. ಹೊಸ ಕೇಬಲ್ ಈಗಲೂ ಅವರ ಮನೆಯ ಡ್ರಾಯರಿನಲ್ಲಿದೆ.

ಸಿನಿಮಾ ಕಂಪ್ಯೂಟರಿನ ಸದ್ದು ಕೈಕೊಟ್ಟಾಗ ಯಂತ್ರ ಕೆಟ್ಟಿರುವುದು ಅಪರೂಪ. ಒಂದು ಪೆಟ್ಟಿಗೆ ಹೇಳಿದ್ದು ಇನ್ನೊಂದಕ್ಕೆ ಅರ್ಥವಾಗದೆ ಹೋಗಿರುವುದೇ ಹೆಚ್ಚು. ಸದ್ದು ಫೈಲಿನಿಂದ ಹೊರಟು ಕೋಡಿ ಅಥವಾ ವಿಎಲ್‌ಸಿಯಂಥ ಪ್ಲೇಯರಿಗೆ, ಅಲ್ಲಿಂದ ವಿಂಡೋಸ್ ಇಲ್ಲವೇ ಲಿನಕ್ಸ್‌ಗೆ, ಅಲ್ಲಿಂದ ಗ್ರಾಫಿಕ್ಸ್ ಚಿಪ್ಪಿಗೆ, ಎಚ್‌ಡಿಎಂಐ ತಂತಿಗೆ, ಟಿವಿಗೆ ಅಥವಾ ಹೋಮ್ ಥಿಯೇಟರಿನ ರಿಸೀವರಿಗೆ, ಕೊನೆಗೆ ಸ್ಪೀಕರಿಗೆ ಬರುತ್ತದೆ. ಹಾಗಾಗಿ ಏನನ್ನೂ ಬಿಚ್ಚುವ ಮೊದಲು ಸುಮ್ಮನೆ ಒಂದು ನಿಮಿಷ ಕೇಳಿಸಿಕೊಳ್ಳಿ. ಪೂರ್ತಿ ಮೌನವೋ, ಅರ್ಧ ಸದ್ದೋ? ಎಲ್ಲ ಸಿನಿಮಾಕ್ಕೂ ಹೀಗೋ, ಕೆಲವಕ್ಕೆ ಮಾತ್ರವೋ? ನಿನ್ನೆ ಸರಿ ಇತ್ತೇ? ಇದ್ದರೆ ನಡುವೆ ಏನು ಬದಲಾಯಿತು? ಈ ಉತ್ತರಗಳಲ್ಲೇ ಅರ್ಧ ರಿಪೇರಿ ಮುಗಿದಿರುತ್ತದೆ.

ಪೂರ್ತಿ ಮೌನದಿಂದ ಶುರು ಮಾಡೋಣ. ಅದೇ ಎಲ್ಲಕ್ಕಿಂತ ಸುಲಭ. ಎಚ್‌ಡಿಎಂಐಯಲ್ಲಿ ಹೋಗುವ ಸದ್ದು ಮದರ್‌ಬೋರ್ಡಿನ ಸೌಂಡ್ ಚಿಪ್ಪಿನಿಂದ ಬರುವುದಲ್ಲ, ಗ್ರಾಫಿಕ್ಸ್ ಚಿಪ್ಪಿನಿಂದ ಬರುತ್ತದೆ. ಅದಕ್ಕೇ ವಿಂಡೋಸಿನ ಪಟ್ಟಿಯಲ್ಲಿ ರಿಯಲ್‌ಟೆಕ್ ಹೆಸರಿನ ಸ್ಪೀಕರ್ ಬೇರೆ, ಇಂಟೆಲ್, ಎನ್‌ವಿಡಿಯಾ ಅಥವಾ ಎಎಂಡಿ ಹೆಸರಿನ ಎಚ್‌ಡಿಎಂಐ ಸಾಧನ ಬೇರೆ. ರಿಯಲ್‌ಟೆಕ್‌ನ ವಾಲ್ಯೂಮ್ ಎಷ್ಟು ಏರಿಸಿದರೂ ಟಿವಿಯಲ್ಲಿ ಸದ್ದು ಬರುವುದಿಲ್ಲ. ಇನ್ನೊಂದು ಸಂಗತಿ: ಟಿವಿ ಅಥವಾ ರಿಸೀವರ್ ಆಫ್ ಆದ ಕೂಡಲೇ ಆ ಎಚ್‌ಡಿಎಂಐ ಸಾಧನ ಪಟ್ಟಿಯಿಂದಲೇ ಮಾಯವಾಗಬಹುದು. ಆಗ ವಿಂಡೋಸ್ ನಿಮ್ಮನ್ನು ಕೇಳದೆ ಬೇರೊಂದನ್ನು ಹಿಡಿದುಕೊಳ್ಳುತ್ತದೆ, ಟಿವಿ ವಾಪಸ್ ಬಂದಾಗ ಕೆಲವೊಮ್ಮೆ ಮರಳುವುದಿಲ್ಲ. ವಿಂಡೋಸ್ 11 ಆದರೆ ವಿಂಡೋಸ್ ಕೀ, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಸದ್ದು ಎಲ್ಲಿಗೆ ಹೋಗುತ್ತಿದೆ ಎಂಬುದು ಪರದೆಯ ಮೂಲೆಯಲ್ಲಿ ಕಾಣುತ್ತದೆ, ಅಲ್ಲೇ ಟಿವಿಯನ್ನು ಆರಿಸಬಹುದು. ಪಟ್ಟಿಯಲ್ಲಿ ಟಿವಿಯೇ ಇಲ್ಲದಿದ್ದರೆ ಮೋರ್ ಸೌಂಡ್ ಸೆಟ್ಟಿಂಗ್ಸ್ ತೆರೆದು, ಖಾಲಿ ಜಾಗದಲ್ಲಿ ಬಲ ಗುಂಡಿ ಒತ್ತಿ, ಷೋ ಡಿಸೇಬಲ್ಡ್ ಡಿವೈಸಸ್ ಆರಿಸಿ. ಎಂದೋ ಯಾರೋ ಮುಚ್ಚಿಟ್ಟದ್ದು ಅಲ್ಲಿ ಮಸುಕಾಗಿ ಕೂತಿರಬಹುದು.

ಅಲ್ಲೂ ಇಲ್ಲದಿದ್ದರೆ ಎಲ್ಲವನ್ನೂ ಆಫ್ ಮಾಡಿ, ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಕಂಪ್ಯೂಟರ್ ಆನ್ ಮಾಡಿ. ಇದು ಮೂಢನಂಬಿಕೆಯಲ್ಲ. ತಂತಿಯ ಆಚೆ ತುದಿಯಲ್ಲಿರುವ ಪೆಟ್ಟಿಗೆ ‘ನನಗೆ ಇಷ್ಟು ಚಾನೆಲ್ ಗೊತ್ತು, ಈ ಬಗೆಯ ಸದ್ದು ಗೊತ್ತು’ ಎಂದು ಕಂಪ್ಯೂಟರಿಗೆ ಒಂದು ಪರಿಚಯಪತ್ರ ಕೊಡುತ್ತದೆ. ಅದಕ್ಕೆ ಇಡಿಐಡಿ ಎಂದು ಹೆಸರು. ಕಂಪ್ಯೂಟರ್ ಎದ್ದಾಗ ಆಚೆಯವರು ಮಲಗಿದ್ದರೆ ಪತ್ರ ಸಿಗದೆ ಹೋಗಬಹುದು, ಪತ್ರವಿಲ್ಲದೆ ಸದ್ದಿಲ್ಲ. ಲೋಡ್‌ಶೆಡ್ಡಿಂಗ್ ಮುಗಿದು ಕರೆಂಟ್ ಬಂದಾಗ ಎಲ್ಲವೂ ಒಟ್ಟಿಗೆ ಎದ್ದು ಗೊಂದಲವಾಗುವುದೂ ಹೀಗೆಯೇ.

ಲಿನಕ್ಸ್ ಹಾಕಿಕೊಂಡವರಿಗೆ ಒಂದೇ ಮಾತು: ಟರ್ಮಿನಲ್‌ನಲ್ಲಿ ಅಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ನಿಮ್ಮ ಕಾರ್ಡ್ ಆರಿಸಿ ನೋಡಿ. ಎಸ್‌ಪಿಡಿಐಎಫ್ ಎಂಬ ಕಂಬದ ಕೆಳಗೆ ‘ಎಂಎಂ’ ಎಂದಿದ್ದರೆ ಬಾಯಿ ಮುಚ್ಚಿದೆ ಎಂದರ್ಥ. ಅದರ ಮೇಲೆ ನಿಂತು ‘ಎಂ’ ಒತ್ತಿದರೆ ತೆರೆಯುತ್ತದೆ. ಎಚ್‌ಡಿಎಂಐಯ ಸದ್ದಿಗೂ ಅಲ್ಲಿ ಎಸ್‌ಪಿಡಿಐಎಫ್ ಎಂದೇ ಹೆಸರಿಟ್ಟಿರುತ್ತಾರೆ. ಯಾರು ಹಾಗೆ ಇಟ್ಟರೋ, ನನ್ನದೇ ಎರಡು ರಾತ್ರಿ ನಿದ್ದೆ ಅದರಲ್ಲಿ ಹೋಗಿದೆ.

ಇನ್ನು ಕೇಬಲ್. ಅಂಗಡಿಗೆ ಹೋದರೆ ಮೊದಲು ಮಾರುವುದು ಅದನ್ನೇ. ಎಚ್‌ಡಿಎಂಐಯಲ್ಲಿ ಕಂಪ್ಯೂಟರಿನಿಂದ ಹೊರಡುವ ಸದ್ದಿಗೆ ಬೇರೆ ತಂತಿ ಇರುವುದಿಲ್ಲ. ಚಿತ್ರದ ಸಾಲುಗಳ ನಡುವೆ ಸಿಗುವ ಬಿಡುವಿನಲ್ಲಿ ಅದೇ ತಂತಿಗಳ ಮೇಲೆ ಸದ್ದೂ ಹೋಗುತ್ತದೆ. ಆದ್ದರಿಂದ ಚಿತ್ರ ಸ್ವಚ್ಛವಾಗಿ ಬಂದು ಸದ್ದು ಮಾತ್ರ ಬರುತ್ತಿಲ್ಲವೆಂದರೆ ಕೇಬಲ್ ಮೇಲಿನ ಅನುಮಾನ ಕೊನೆಗಿರಲಿ. ಇದಕ್ಕೆ ಅಪವಾದ ಎಆರ್‌ಸಿ. ಟಿವಿಯಿಂದ ರಿಸೀವರಿಗೆ ಅಥವಾ ಸೌಂಡ್‌ಬಾರಿಗೆ ಸದ್ದು ವಾಪಸ್ ಬರುವ ದಾರಿ ಅದು. ಹದಿನಾಲ್ಕನೆಯ ಪಿನ್ನಿನ ತಂತಿ ಅದಕ್ಕೆ ಬೇಕು. ಅಲ್ಲಿ ಚಿತ್ರ ಸರಿಯಿದ್ದೂ ಸದ್ದು ಹೋಗಿರಬಹುದು. ಡಿವಿಐಯಿಂದ ಎಚ್‌ಡಿಎಂಐಗೆ ತಿರುಗಿಸುವ ಹಳೆಯ ಅಡಾಪ್ಟರ್ ಇದ್ದರೆ ಅದನ್ನೂ ನೋಡಿ. ಚಿತ್ರ ದಾಟಿಸಿ ಸದ್ದು ಬಿಟ್ಟುಬಿಡುವುದು ಅದರ ಹುಟ್ಟುಗುಣ.

ಈಗ ಬರುವುದು ನಿಜವಾಗಿ ತಲೆಕೆಡಿಸುವ ಭಾಗ: ಸದ್ದು ಬರುತ್ತದೆ, ಆದರೆ ಬರಬೇಕಾದ ಹಾಗೆ ಬರುವುದಿಲ್ಲ.

ಸದ್ದನ್ನು ಎರಡು ಬಗೆಯಲ್ಲಿ ಕಳಿಸಬಹುದು. ಗಂಟು ಬಿಚ್ಚಿ, ಪ್ರತಿ ಚಾನೆಲ್ಲನ್ನೂ ಬಿಡಿಬಿಡಿಯಾಗಿ ಕಳಿಸುವುದು ಒಂದು; ಇದು ಪಿಸಿಎಂ. ಡಾಲ್ಬಿಯೋ ಡಿಟಿಎಸ್ಸೋ ಕಟ್ಟಿಕೊಟ್ಟ ಗಂಟನ್ನು ಮುಟ್ಟದೆ ಹಾಗೇ ದಾಟಿಸುವುದು ಇನ್ನೊಂದು. ಇದಕ್ಕೆ ಕೋಡಿಯಲ್ಲಿ ಪಾಸ್‌ಥ್ರೂ ಎಂದು, ಟಿವಿಗಳಲ್ಲಿ ಬಿಟ್‌ಸ್ಟ್ರೀಮ್ ಎಂದು ಹೆಸರು. ಗಂಟನ್ನು ಯಾರು ಬಿಚ್ಚಬೇಕು ಎಂಬುದು ತೀರ್ಮಾನವಾಗದಿದ್ದರೆ ಜಗಳ ಶುರು. ಇಬ್ಬರೂ ಬಿಚ್ಚದಿದ್ದರೆ ಮೌನ, ಇಲ್ಲವೇ ಕರ್ರೋ ಎಂದು ಕಿವಿ ಹರಿಯುವ ಸದ್ದು. ಗಂಟಿನೊಳಗಿನ ಅಂಕಿಗಳನ್ನೇ ಸಂಗೀತವೆಂದು ತಿಳಿದು ಆಂಪ್ಲಿಫೈಯರ್ ನುಡಿಸಿದರೆ ಹಾಗೆ ಕೇಳಿಸುತ್ತದೆ. ಆದ್ದರಿಂದ ಪಾಸ್‌ಥ್ರೂ ಸೆಟ್ಟಿಂಗ್ ಮುಟ್ಟುವ ಮೊದಲು ರಿಸೀವರಿನ ವಾಲ್ಯೂಮ್ ತಗ್ಗಿಸಿಟ್ಟುಕೊಳ್ಳಿ. ಟ್ವೀಟರಿಗೂ ಒಳ್ಳೆಯದು, ಮಲಗಿರುವ ಮಗುವಿಗೂ.

ಗಂಟು ಕಟ್ಟುವುದಾದರೂ ಯಾಕೆ? ದಾರಿ ಕಿರಿದು ಎಂಬ ಕಾರಣಕ್ಕೆ. ಕಂಪ್ಯೂಟರಿನ ಹಿಂಬದಿ ಒಮ್ಮೆ ನೋಡಿದರೆ ಮೂರು ಕಾಲದ ತೂತುಗಳು ಅಕ್ಕಪಕ್ಕ ಇರುತ್ತವೆ. ಬಣ್ಣಬಣ್ಣದ ಅನಲಾಗ್ ಜ್ಯಾಕುಗಳು. 1983ರಲ್ಲಿ ತೋಷಿಬಾ ತಂದ, ಒಳಗೆ ಕೆಂಪು ಬೆಳಕು ಮಿಣುಕುವ ಆಪ್ಟಿಕಲ್. 2002ರ ಕೊನೆಗೆ ಬಂದ ಎಚ್‌ಡಿಎಂಐ. ಆಪ್ಟಿಕಲ್ ಎರಡು ಚಾನೆಲ್ಲಿನ ಬಿಚ್ಚಿದ ಸದ್ದಿಗೆಂದು ಆದದ್ದು. 16 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 15 ಲಕ್ಷ ಬಿಟ್. ಅದೇ ಆರು ಚಾನೆಲ್ಲಿನ ಡಾಲ್ಬಿ ಡಿಜಿಟಲ್ ಗಂಟು ಡಿವಿಡಿಯಲ್ಲಿ ಹೆಚ್ಚೆಂದರೆ 4.48 ಲಕ್ಷ ಬಿಟ್. ಗಂಟಾಗಿ ಕಳಿಸಿದರೆ 5.1 ಆರಾಮವಾಗಿ ಹೋಗುತ್ತದೆ, ಬಿಚ್ಚಿ ಕಳಿಸಿದರೆ ಎರಡೇ ಚಾನೆಲ್. ಬ್ಲೂ-ರೇಯ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊಗಳಂತೂ ಆ ದಾರಿಯಲ್ಲಿ ಹಿಡಿಸುವುದೇ ಇಲ್ಲ. ಆಪ್ಟಿಕಲ್ಲಿನಲ್ಲಿ ಆಟ ಆಡಿದರೆ 5.1 ಬರಲ್ಲ, ಡಿವಿಡಿಗೆ ಮಾತ್ರ ಬರುತ್ತೆ ಎಂದು ಗೊಣಗುವವರಿಗೆ ಇದೇ ಉತ್ತರ: ಡಿವಿಡಿಯಲ್ಲಿ ಗಂಟು ಮೊದಲೇ ಕಟ್ಟಿದೆ, ಆಟದ ಸದ್ದನ್ನು ಕಂಪ್ಯೂಟರ್ ಆಗಿಂದಾಗ ಕಟ್ಟಬೇಕು. ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಇರುವ ಸೌಂಡ್ ಚಿಪ್ಪುಗಳಷ್ಟೇ ಆ ಕೆಲಸ ಮಾಡುತ್ತವೆ.

ಎಆರ್‌ಸಿಯ ಕತೆಯೂ ಹೆಚ್ಚುಕಡಿಮೆ ಇದೇ. 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ಅದು ಎರಡು ಚಾನೆಲ್ ಪಿಸಿಎಂ ಮತ್ತು ಚಿಕ್ಕ ಗಂಟುಗಳನ್ನು ಹೊರುತ್ತದೆ. ದೊಡ್ಡ ಗಂಟುಗಳಿಗೂ ಎಂಟು ಚಾನೆಲ್ಲಿನ ಬಿಚ್ಚಿದ ಸದ್ದಿಗೂ 2017ರ ಎಚ್‌ಡಿಎಂಐ 2.1ರಲ್ಲಿ ಬಂದ ಇಎಆರ್‌ಸಿ ಬೇಕು, ಅದೂ ಎರಡೂ ತುದಿಯಲ್ಲಿ. ನನ್ನ ಸಲಹೆ ಕೇಳಿದರೆ, ಮನೆಯಲ್ಲಿ ರಿಸೀವರ್ ಇರುವವರು ಕಂಪ್ಯೂಟರನ್ನು ಟಿವಿಗೆ ಕೊಡಲೇಬೇಡಿ. ಕಂಪ್ಯೂಟರಿನಿಂದ ರಿಸೀವರಿಗೆ, ರಿಸೀವರಿನಿಂದ ಟಿವಿಗೆ ಕೊಡಿ. ಟಿವಿ ನಡುವೆ ಕೂತರೆ ಪರಿಚಯಪತ್ರ ಕೊಡುವುದು ಅದೇ. ತನ್ನಲ್ಲಿ ಎರಡೇ ಸ್ಪೀಕರ್ ಇರುವುದರಿಂದ ‘ಸ್ಟೀರಿಯೊ ಸಾಕು’ ಎಂದುಬಿಡುತ್ತದೆ. ಹಿಂದೆ ಏಳು ಸ್ಪೀಕರ್ ಕಾಯುತ್ತಿದ್ದರೂ ವಿಂಡೋಸಿನಲ್ಲಿ 5.1 ಆರಿಸುವ ಆಯ್ಕೆಯೇ ಕಾಣದೆ ಹೋಗುತ್ತದೆ. ಬೇರೆ ದಾರಿಯಿಲ್ಲದೆ ಟಿವಿಯ ಮೂಲಕವೇ ಹೋಗಬೇಕಾದರೆ ಟಿವಿಯ ಡಿಜಿಟಲ್ ಸೌಂಡ್ ಔಟ್ ಎಂಬ ಸೆಟ್ಟಿಂಗ್ ಪಿಸಿಎಂನಲ್ಲಿದೆಯೇ ನೋಡಿ, ಇದ್ದರೆ ಪಾಸ್‌ಥ್ರೂ ಅಥವಾ ಆಟೊ ಮಾಡಿ.

ಕೆಲವು ಸಿನಿಮಾ ಮಾತ್ರ ಮೂಕವಾಗುವುದಕ್ಕೂ ಟಿವಿಯೇ ಕಾರಣವಾಗಿರಬಹುದು. ಡಾಲ್ಬಿ ಡಿಜಿಟಲ್ 1992ರಲ್ಲಿ, ಡಿಟಿಎಸ್ 1993ರಲ್ಲಿ ಜುರಾಸಿಕ್ ಪಾರ್ಕ್ ಜೊತೆಗೆ ಚಿತ್ರಮಂದಿರಕ್ಕೆ ಬಂದವು. ಆಗ ಡಿಟಿಎಸ್‌ನ ಸದ್ದು ಫಿಲ್ಮಿನ ಮೇಲೆ ಇರದೆ ಬೇರೆ ಸಿಡಿಯಲ್ಲಿ ಬರುತ್ತಿತ್ತು. ಅಂದಿನ ಪೈಪೋಟಿಯ ಬಿಸಿ ಇಂದು ನಮ್ಮ ಹಾಲ್‌ಗೂ ತಟ್ಟುತ್ತದೆ: ಡಾಲ್ಬಿ ಬಿಚ್ಚಬಲ್ಲ ಎಲ್ಲ ಟಿವಿಗಳೂ ಡಿಟಿಎಸ್ ಬಿಚ್ಚುವುದಿಲ್ಲ. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ಅದನ್ನು ಕೈಬಿಟ್ಟಿತು. ಹಾಗಾಗಿ ಒಂದು ಚಿತ್ರಕ್ಕೆ ಸದ್ದಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಎರಡೂ ಫೈಲುಗಳ ಆಡಿಯೊ ಯಾವ ಬಗೆಯದು ನೋಡಿ. ಮೂಕ ಚಿತ್ರ ಡಿಟಿಎಸ್ ಆಗಿದ್ದರೆ ಪ್ಲೇಯರಿನಲ್ಲಿ ಡಿಟಿಎಸ್ ಪಾಸ್‌ಥ್ರೂ ತೆಗೆದುಬಿಡಿ, ಕಂಪ್ಯೂಟರೇ ಬಿಚ್ಚಿಕೊಳ್ಳಲಿ. ಅದಕ್ಕೆ ಆ ಶಕ್ತಿ ಧಾರಾಳವಾಗಿದೆ.

ಕೋಡಿ ಬಳಸುವವರು ಇದನ್ನೆಲ್ಲ ಮಾಡುವುದು ಸೆಟ್ಟಿಂಗ್ಸ್, ಸಿಸ್ಟಮ್, ಆಡಿಯೊ ಎಂಬ ಪುಟದಲ್ಲಿ. ಪಾಸ್‌ಥ್ರೂ ಆಯ್ಕೆಗಳು ಕಾಣದಿದ್ದರೆ ಕೆಳಗೆ ಎಡಗಡೆಯ ಚಕ್ರದ ಗುರುತಿನ ಮೇಲೆ ಒತ್ತಿ, ಎಕ್ಸ್‌ಪರ್ಟ್ ಬರುವವರೆಗೆ ಬದಲಿಸಿ. ವಿಂಡೋಸಿನಲ್ಲಿ ಒಂದೇ ಟಿವಿಯ ಹೆಸರು ಎರಡು ಸಲ ಕಾಣುತ್ತದೆ: ಡೈರೆಕ್ಟ್‌ಸೌಂಡ್ ಎಂದು ಒಮ್ಮೆ, ವಾಸಾಪಿ ಎಂದು ಒಮ್ಮೆ. ಗಂಟು ದಾಟಿಸಬೇಕಾದರೆ ವಾಸಾಪಿಯನ್ನೇ ಆರಿಸಿ. ಅದು ಸಾಧನವನ್ನು ಒಬ್ಬನೇ ಹಿಡಿದುಕೊಳ್ಳುವ ಸ್ವಭಾವದ್ದು, ಹಾಗಾಗಿ ಕೋಡಿ ಸಿನಿಮಾ ಓಡಿಸುತ್ತಿರುವಾಗ ಬ್ರೌಸರಿನಲ್ಲಿ ಸದ್ದಿಲ್ಲದಿದ್ದರೆ ಗಾಬರಿ ಬೇಡ. ನಂಬರ್ ಆಫ್ ಚಾನೆಲ್ಸ್ ಎಂಬಲ್ಲಿ ನಿಮ್ಮಲ್ಲಿ ನಿಜವಾಗಿ ಇರುವ ಸ್ಪೀಕರ್ ಸಂಖ್ಯೆ ಕೊಡಿ, ಆಸೆಪಟ್ಟ ಸಂಖ್ಯೆ ಅಲ್ಲ. ಆಪ್ಟಿಕಲ್ ಬಳಸುವವರು ಮಾತ್ರ ಇದಕ್ಕೆ ಹೊರತು. ಆರು ಸ್ಪೀಕರ್ ಇದ್ದರೂ ಅವರು ಅಲ್ಲಿ 2.0 ಎಂದೇ ಕೊಡಬೇಕು. ಹಾಗೆ ಕೊಟ್ಟರೆ ಮಾತ್ರ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್ ಎಂಬ ಆಯ್ಕೆ ತೆರೆದುಕೊಂಡು, ಬೇರೆ ಬಗೆಯ 5.1 ಸದ್ದನ್ನೂ ಡಾಲ್ಬಿ ಗಂಟು ಕಟ್ಟಿ ಕಳಿಸುತ್ತದೆ. ನೋಡಿದರೆ ತಿರುಗುಮುರುಗು, ಆದರೆ ಕೆಲಸ ಮಾಡುವುದು ಹಾಗೆಯೇ.

ಪಾಸ್‌ಥ್ರೂ ಹಾಕಿದ ಮೇಲೆ ಕೋಡಿಯ ವಾಲ್ಯೂಮ್ ಕೆಲಸ ಮಾಡುತ್ತಿಲ್ಲ ಎಂಬ ದೂರು ಬಂದೇ ಬರುತ್ತದೆ. ಕಟ್ಟಿದ ಗಂಟಿನೊಳಗಿನ ಸದ್ದನ್ನು ಹೊರಗಿನಿಂದ ಏರಿಸಿ ಇಳಿಸಲಾಗದು, ರಿಸೀವರಿನ ರಿಮೋಟ್ ಹುಡುಕಿ. ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ ಎಂಬುದನ್ನು ಹಾಕಿದ್ದರೆ ಕೋಡಿ ಹೇಳದೆ ಕೇಳದೆ ಪಾಸ್‌ಥ್ರೂ ನಿಲ್ಲಿಸುತ್ತದೆ, ಅದನ್ನೂ ಒಮ್ಮೆ ನೋಡಿ. ಇನ್ನು ಪ್ರತಿ ಸಲ ಪ್ಲೇ ಒತ್ತಿದಾಗ ಮೊದಲ ಪದ ನುಂಗಿಹೋಗುತ್ತಿದ್ದರೆ, ಮೌನದಲ್ಲಿ ರಿಸೀವರ್ ತೂಕಡಿಸುತ್ತಿದೆ ಎಂದರ್ಥ. ಕೀಪ್ ಆಡಿಯೊ ಡಿವೈಸ್ ಅಲೈವ್ ಎಂಬುದನ್ನು ಆಲ್‌ವೇಸ್ ಮಾಡಿ.

ಇಷ್ಟೆಲ್ಲದರ ನಡುವೆ ನಿಜ ಹೇಳುವ ಸಾಕ್ಷಿ ಒಂದಿದೆ: ರಿಸೀವರಿನ ಮುಂದಿನ ಪುಟ್ಟ ಅಕ್ಷರದ ಪರದೆ. ಕಂಪ್ಯೂಟರ್ ಏನು ಕಳಿಸುತ್ತೇನೆಂದು ಅಂದುಕೊಂಡಿದೆಯೋ ಅದನ್ನು ಅದು ತೋರಿಸುವುದಿಲ್ಲ, ನಿಜವಾಗಿ ಏನು ಬಂತೋ ಅದನ್ನು ತೋರಿಸುತ್ತದೆ. ಡಾಲ್ಬಿ ಡಿಜಿಟಲ್ ಎಂದೋ ಡಿಟಿಎಸ್ ಎಂದೋ ಇದ್ದರೆ ಗಂಟು ಸುರಕ್ಷಿತವಾಗಿ ತಲುಪಿದೆ. ಮಲ್ಟಿ ಚಾನೆಲ್ ಎಂದಿದ್ದರೆ ಕಂಪ್ಯೂಟರೇ ಬಿಚ್ಚಿ ಎಲ್ಲ ಚಾನೆಲ್ ಕಳಿಸಿದೆ, ಅದೂ ಒಳ್ಳೆಯದೇ. ಬರೀ ಪಿಸಿಎಂ ಅಥವಾ ಸ್ಟೀರಿಯೊ ಎಂದಿದ್ದರೆ ದಾರಿಯಲ್ಲಿ ಎಲ್ಲೋ ಆರು ಎರಡಾಗಿದೆ. ಹಿಂದಿನ ಸ್ಪೀಕರುಗಳಲ್ಲೂ ಸದ್ದು ಬರುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ, ಎರಡು ಚಾನೆಲ್ಲನ್ನೇ ಏಳಕ್ಕೆ ಹಂಚಿ ಕೇಳಿಸುವ ಚಮತ್ಕಾರ ರಿಸೀವರಿಗೆ ಗೊತ್ತು. ವಿದೇಶದಲ್ಲಿರುವ ಮಗ ಊರಿನ ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ಸರಿಮಾಡಿಸುವಾಗ ಕ್ಯಾಮೆರಾವನ್ನು ಮೊದಲು ತಿರುಗಿಸಬೇಕಾದದ್ದು ಟಿವಿಯತ್ತ ಅಲ್ಲ, ಈ ಅಕ್ಷರಗಳತ್ತ.

ಮಾತು ಬರುತ್ತದೆ ಆದರೆ ಪಿಸುಗುಟ್ಟಿದಂತೆ, ಬಾಂಬು ಸಿಡಿದರೆ ಮಾತ್ರ ಮನೆ ನಡುಗುತ್ತದೆ: ಇದು ದೋಷವಲ್ಲ, ಆರು ಚಾನೆಲ್ ಎರಡಕ್ಕೆ ಇಳಿದಾಗ ಆಗುವ ಸಹಜ ತೊಂದರೆ. ಕೋಡಿಯಲ್ಲಿ ಚಿತ್ರ ಓಡುತ್ತಿರುವಾಗಲೇ ಆಡಿಯೊ ಸೆಟ್ಟಿಂಗಿನಲ್ಲಿ ಸೆಂಟರ್ ಚಾನೆಲ್ಲನ್ನು ಏರಿಸುವ ಆಯ್ಕೆಯಿದೆ. ರಿಸೀವರ್ ಇದ್ದರೆ ಸೆಂಟರ್ ಸ್ಪೀಕರನ್ನು ಎರಡು ಮೂರು ಡೆಸಿಬಲ್ ಹೆಚ್ಚಿಸಿ, ನೈಟ್ ಮೋಡ್ ಇದ್ದರೆ ಹಾಕಿ. ವಿಂಡೋಸಿನಲ್ಲಿ ವಿಡಿಯೊ ಕಾಲ್ ಶುರುವಾದ ತಕ್ಷಣ ಉಳಿದ ಸದ್ದೆಲ್ಲ ಪಾತಾಳಕ್ಕೆ ಇಳಿಯುತ್ತಿದ್ದರೆ ಅದು ಬೇರೆ ವಿಚಾರ. ಮೋರ್ ಸೌಂಡ್ ಸೆಟ್ಟಿಂಗ್ಸ್‌ನ ಕಮ್ಯುನಿಕೇಷನ್ಸ್ ಪುಟದಲ್ಲಿ ಡೂ ನಥಿಂಗ್ ಆರಿಸಿ.

ತುಟಿಗೂ ಮಾತಿಗೂ ಹೊಂದದಿದ್ದರೆ ಮೊದಲು ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ ನೋಡಿ. ಚಿತ್ರಕ್ಕೆ ಹೊಳಪು ಕೊಡುವ ಸಂಭ್ರಮದಲ್ಲಿ ಟಿವಿ ತಡಮಾಡುತ್ತದೆ, ಸದ್ದು ಮುಂದೆ ಓಡುತ್ತದೆ. ಗೇಮ್ ಮೋಡ್‌ನಲ್ಲಿ ಸರಿಹೋದರೆ ಕಾರಣ ಸಿಕ್ಕಿತು, ರಿಸೀವರಿನ ಲಿಪ್ ಸಿಂಕ್‌ನಲ್ಲಿ ಸದ್ದನ್ನು ಸ್ವಲ್ಪ ತಡಮಾಡಿ. ಸದ್ದೇ ಹಿಂದೆ ಬೀಳುತ್ತಿದ್ದರೆ ಬ್ಲೂಟೂತ್ ಸ್ಪೀಕರ್ ಮೇಲೆ ಅನುಮಾನಪಡಿ. ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಗಳು ಒಂದೊಂದು ಸಲಕ್ಕೆ 50 ಮಿಲಿಸೆಕೆಂಡಿನಂತೆ ಸದ್ದನ್ನು ಹಿಂದೆ ಮುಂದೆ ಸರಿಸುತ್ತವೆ.

ಕೊನೆಯದಾಗಿ ಗುಂಯ್‌ಗುಡುವ ಸದ್ದು. ಸಿನಿಮಾ ನಿಲ್ಲಿಸಿದರೂ ಸ್ಪೀಕರಿನಲ್ಲಿ ದುಂಬಿ ಹಾರಿದಂತೆ ಒಂದೇ ಶ್ರುತಿಯಲ್ಲಿ ಬರುತ್ತಿದ್ದರೆ ಅದು ಸೆಟ್ಟಿಂಗಿನ ತಪ್ಪಲ್ಲ, ಕರೆಂಟಿನದು. ನಮ್ಮ ಕರೆಂಟು 50 ಹರ್ಟ್ಸ್‌ನದು, ಆ ಗುಂಯ್ ಅದೇ. ಎರಡು ಪೆಟ್ಟಿಗೆಗಳು ಎರಡು ಬೇರೆ ದಾರಿಯಲ್ಲಿ ಅರ್ಥಿಂಗ್‌ಗೆ ಸೇರಿ, ನಡುವೆ ಆಡಿಯೊ ತಂತಿಯೂ ಸೇರಿದರೆ ಸುತ್ತೊಂದು ಏರ್ಪಡುತ್ತದೆ. ಮೊದಲು ಕೇಬಲ್ ಟಿವಿ ಅಥವಾ ಡಿಷ್‌ನ ತಂತಿ ಕಳಚಿ ನೋಡಿ, ಛಾವಣಿಯಿಂದ ಬರುವ ಆ ತಂತಿಯೇ ಹಲವು ಸಲ ಕಳ್ಳ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ; ಗುಂಯ್ ನಿಂತರೆ ಚಾರ್ಜರಿನ ದಾರಿಯೇ ಕಾರಣ. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಸ್ಪೈಕ್‌ಬಸ್ಟರಿಗೆ, ಒಂದೇ ಗೋಡೆಯ ಪಾಯಿಂಟಿಗೆ ಕೊಡಿ. ಅದಕ್ಕೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುತ್ತದೆ. ಆಪ್ಟಿಕಲ್ಲಿನಲ್ಲಿ ಹೋಗುವುದು ಬೆಳಕು, ಕರೆಂಟಿನ ಸಂಪರ್ಕವೇ ಇಲ್ಲ. ಆದ್ದರಿಂದ ಅದಕ್ಕೆ ಬದಲಾದರೂ ಗುಂಯ್ ಹೋಗುತ್ತದೆ. ಮಾಡಲೇಬಾರದ್ದು ಒಂದು: ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿಯುವುದು. ಗುಂಯ್ ನಿಲ್ಲುತ್ತದೆ ನಿಜ, ಆದರೆ ಒಂದು ದಿನ ಆ ಪೆಟ್ಟಿಗೆಯ ಲೋಹದ ಮೈ ಮುಟ್ಟಿದವರಿಗೆ ಷಾಕ್ ಹೊಡೆಯುತ್ತದೆ. ಅರ್ಥಿಂಗೇ ಸರಿಯಿಲ್ಲದ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸುವುದು ಸಿನಿಮಾಕ್ಕಿಂತ ಮೊದಲಿನ ಕೆಲಸ.

ನಮ್ಮ ಮನೆಯ ರಿಸೀವರ್ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ. ಕಂಪ್ಯೂಟರ್ ಯಾವ ಎಚ್‌ಡಿಎಂಐ ತೂತಿಗೆ, ಕೋಡಿಯಲ್ಲಿ ಎಷ್ಟು ಚಾನೆಲ್, ಯಾವ ಯಾವ ಪಾಸ್‌ಥ್ರೂ ಹಾಕಿದೆ, ಟಿವಿಯ ಡಿಜಿಟಲ್ ಸೌಂಡ್ ಔಟ್ ಏನಿದೆ, ಎಲ್ಲ ಸರಿಯಿದ್ದ ದಿನ ಬರೆದದ್ದು. ವಿಂಡೋಸ್ ಅಪ್‌ಡೇಟ್ ಆದ ಮರುದಿನ ಮೊದಲು ಓದುವುದು ಅದನ್ನೇ. ಭಾವನಿಗೂ ಅಂಥದ್ದೊಂದು ಬರೆದಿಟ್ಟುಕೊಳ್ಳಲು ಹೇಳಿದ್ದೆ. ಮೊನ್ನೆ ಮತ್ತೆ ಫೋನ್ ಬಂತು. “ಈಗ ಮಾತು ಬರುತ್ತೆ, ಹಾಡು ಒಂದೇ ಕಡೆಯಿಂದ ಬರುತ್ತೆ ಕಣಯ್ಯ.” ಚೀಟಿ ಏನು ಹೇಳುತ್ತೆ ಭಾವ ಅಂದೆ. ನೋಡುವುದಕ್ಕೆಂದು ಆಂಪ್ಲಿಫೈಯರ್ ಹಿಂದೆ ಬಗ್ಗಿದವರು ಅಲ್ಲಿಂದಲೇ ಕೂಗಿದರು: ಎಡಗಡೆ ಸ್ಪೀಕರಿನ ತಂತಿ ಕಿತ್ತು ಬಂದಿತ್ತು.